ಫೋರ್ಕು ನೇರವಾಗಿದೆ

ಭಾನುವಾರ ಬೆಳಿಗ್ಗೆ ಹಿಂಬಾಗಿಲ ಹೊರಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಹಳೆಯ ಬೆಡ್‌ಶೀಟು ಹಾಸಿ, ಮೋಟಾರ್ ಸೈಕಲ್ಲಿನ ಮುಂದಿನ ಚಕ್ರ ಹಿಡಿಯುವ ಫೋರ್ಕುಗಳೆರಡನ್ನೂ ಅದರ ಮೇಲೆ ಮಲಗಿಸಿದಾಗ ಸರ್ವೇಯರ್‌ಗೆ ಮೊದಲು ಅನಿಸಿದ್ದು, ಇವು ಆದಷ್ಟೂ ಕೆಟ್ಟಿರಲಿ ಅಂತ. ಕೆಟ್ಟಿದ್ದರೆ ಸೀಲು ಹುಡುಕಬೇಕು, ಸ್ಪ್ರಿಂಗು ಹುಡುಕಬೇಕು, ಆ ಕಾಲದ ಗಾಡಿಗೆ ಅದೆಲ್ಲ ಸುಲಭಕ್ಕೆ ಸಿಗುವುದಿಲ್ಲ, ಮತ್ತೊಂದು ಬೇಸಿಗೆ ದಾಟಬಹುದು. ಇಂಜಿನ್ ಆಗಲೇ ಮೈ ಹೊಳೆಸಿಕೊಂಡು ಹಳೆಯ ಸೀರೆ ಹೊದ್ದು ಮಂಚದ ಕೆಳಗೆ ಮಲಗಿತ್ತು. ಬಣ್ಣ ಬಳಿದ ಟ್ಯಾಂಕು ಬೀರುವಿನ ಮೇಲೆ ಕುಳಿತು ರಾತ್ರಿ ದೀಪ ಹಾಕಿದಾಗಲೆಲ್ಲ ಅವನನ್ನೇ ನೋಡುತ್ತಿತ್ತು. ಚಕ್ರಗಳು ಬಾಗಿಲ ಹಿಂದೆ. ಉಳಿದದ್ದು ಫೋರ್ಕು ಮಾತ್ರ. ಅದು ಮುಗಿದರೆ ಗಾಡಿ ಜೋಡಿಸಬೇಕು, ಜೋಡಿಸಿದರೆ ಯಾರಾದರೂ ಓಡಿಸಬೇಕು, ಆ ಯಾರಾದರೂ ಅವನೇ ಎಂದು ಮನೆಯೂ ಬೀದಿಯೂ ಯಾವಾಗಲೋ ತೀರ್ಮಾನ ಮಾಡಿಬಿಟ್ಟಿದ್ದವು. ಅವನಿಗೆ ಓಡಿಸಲು ಬರುತ್ತಿರಲಿಲ್ಲ.

ಸುಳ್ಳು ಹೇಳಿದ್ದನೇ ಅಂದರೆ, ಇಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. ವಿಮಾ ಕಂಪನಿಗೆ ಅಪಘಾತದ ಗಾಡಿಗಳನ್ನು ನೋಡಿ ವರದಿ ಬರೆಯುವುದು ಅವನ ಕೆಲಸ. ಪೊಲೀಸ್ ಠಾಣೆಯ ಹಿಂದೆ, ಗ್ಯಾರೇಜುಗಳ ಮೂಲೆಯಲ್ಲಿ ಮುದುಡಿ ಬಿದ್ದ ಗಾಡಿಯನ್ನು ಒಮ್ಮೆ ಸುತ್ತು ಹಾಕಿದರೆ ಸಾಕು, ಡಿಕ್ಕಿ ಯಾವ ಕಡೆಯಿಂದ ಬಂತು, ಬ್ರೇಕು ಹಾಕಿದ್ದನೋ ಇಲ್ಲವೋ, ಹಿಂದೆ ಕೂತವರು ಎತ್ತ ಹಾರಿ ಬಿದ್ದಿರಬಹುದು, ಎಲ್ಲ ಹೇಳುತ್ತಿದ್ದ. ಬೀಳುವುದರ ಬಗ್ಗೆ ಇಷ್ಟು ತಿಳಿದವನಿಗೆ ಓಡಿಸುವುದು ತಿಳಿಯದೇ ಇರುತ್ತದೆಯೇ ಎಂದು ಜನ ತಾವೇ ಅಂದುಕೊಂಡರು. ನಿಜವೆಂದರೆ ಬೀಳುವುದನ್ನು ಅಷ್ಟು ಹತ್ತಿರದಿಂದ ಕಂಡದ್ದಕ್ಕೇ ಅವನು ಹ್ಯಾಂಡಲ್ ಮುಟ್ಟಿರಲಿಲ್ಲ. ಬಸ್ಸಿನಲ್ಲಿ ಓಡಾಡುತ್ತಿದ್ದ. ಬಸ್ಸಿನಲ್ಲಾದರೆ ದಾರಿಯಲ್ಲೇ ಫೈಲು ಓದಿಕೊಳ್ಳಬಹುದು ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ಗಾಡಿ ಮಾವನದು. ಟೆಲಿಫೋನ್ ಇಲಾಖೆಯಲ್ಲಿ ಲೈನ್ ಇನ್ಸ್‌ಪೆಕ್ಟರ್ ಆಗಿದ್ದವರು, ಕಂಬದಿಂದ ಕಂಬಕ್ಕೆ ತಂತಿ ನೋಡುತ್ತ ಅರ್ಧ ಆಯುಷ್ಯ ಅದರ ಮೇಲೇ ಕಳೆದಿದ್ದರು. ಕಣ್ಣು ಮಂಜಾಗಿ, ಆಮೇಲೆ ಮಂಜೂ ಹೋಗಿ ಬರೀ ಬೆಳಕು ಕತ್ತಲೆ ಉಳಿದಾಗ, ಗಾಡಿ ಸಮೇತ ಮಗಳ ಮನೆಗೆ ಬಂದರು. ಬಂದ ದಿನವೇ ಬೀಗದ ಕೈಯನ್ನು ಅಳಿಯನ ಅಂಗೈಯಲ್ಲಿಟ್ಟು, “ಒಂದು ಗೀರೂ ಬಿದ್ದಿಲ್ಲ. ಒಂದು ಸಲವೂ ಬಿದ್ದವನಲ್ಲ ನಾನು. ಹಾಗೇ ಇಟ್ಟುಕೊಳ್ಳಿ ಅಳಿಯಂದ್ರೆ” ಅಂದರು. ಅವರು ಅಳಿಯನಿಗೆ ಬಹುವಚನ ಬಿಟ್ಟು ಮಾತಾಡಿದವರಲ್ಲ. ಆ ಬಹುವಚನದಷ್ಟು ತನ್ನನ್ನು ಸಣ್ಣವನನ್ನಾಗಿ ಮಾಡುವ ವಸ್ತುವನ್ನು ಸರ್ವೇಯರ್ ಬೇರೆಲ್ಲೂ ಕಂಡಿರಲಿಲ್ಲ. ವಾರ ಕಳೆಯುವುದರಲ್ಲಿ ಮಾವನಿಗೆ ಒಂದು ಆಸೆ ಹುಟ್ಟಿತು: ಹಿಂದೆ ಕೂತು ಒಂದು ಸುತ್ತು ಹೋಗಿ ಬರಬೇಕು, ಗಾಳಿ ಮುಖಕ್ಕೆ ಹೊಡೀಬೇಕು. ಮೊದಲು ನಾನೊಬ್ಬನೇ ಓಡಿಸಿ ನೋಡುತ್ತೇನೆ ಎಂದು ಸರ್ವೇಯರ್ ಗಾಡಿಯನ್ನು ಗೇಟಿನಿಂದಾಚೆ ತಳ್ಳಿಕೊಂಡು ಹೋದ. ತಿರುವು ದಾಟುವ ತನಕ ತಳ್ಳಿದ. ಅಲ್ಲಿ ಮುಚ್ಚಿದ ಹಿಟ್ಟಿನ ಗಿರಣಿಯ ನೆರಳಿನಲ್ಲಿ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು, ಒಬ್ಬ ಮನುಷ್ಯ ಒಂದು ಸುತ್ತು ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಕಾದು, ಮತ್ತೆ ತಳ್ಳಿಕೊಂಡು ಬಂದ. ಮುಂದಿನ ಫೋರ್ಕಿನ ಸೀಲು ಸೋರುತ್ತಿದೆ, ಹೀಗೆ ಓಡಿಸುವುದು ಅಪಾಯ ಅಂದ. ಕಸುಬಿನ ಧ್ವನಿಯಲ್ಲಿ ಅಂದದ್ದರಿಂದ ಮಾತಿಗೆ ತೂಕ ಬಂತು. ಅವತ್ತು ಬಿಚ್ಚಲು ಶುರುಮಾಡಿದ್ದು. ಬಿಚ್ಚಿದ್ದನ್ನು ತೊಳೆದ, ತೊಳೆದದ್ದನ್ನು ಉಜ್ಜಿದ, ಉಜ್ಜಿದ್ದಕ್ಕೆ ಬಣ್ಣ ಹಾಕಿದ, ಒಣಗಿದ ಬಣ್ಣ ಸರಿಬರಲಿಲ್ಲವೆಂದು ಮತ್ತೆ ಉಜ್ಜಿದ. ಹೆದರಿಕೆ ಅವನ ಕೈಗೆ ಬಂದು ನಾಜೂಕಾಯಿತು. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರು ತಮ್ಮ ನೆಂಟರನ್ನೆಲ್ಲ ಕರೆತಂದು, ಹಳೇ ಗಾಡಿಗಳ ವಿಷಯದಲ್ಲಿ ಇವರದು ಕಡೇ ಮಾತು ಎಂದು ತೋರಿಸತೊಡಗಿದರು.

ಬಲಗಡೆಯ ಫೋರ್ಕು ಕಾಯುತ್ತಿದ್ದ ಹಾಗೆ ಬಿಚ್ಚಿಕೊಂಡಿತು. ತಲೆಯ ಮೇಲಿನ ನಟ್ಟು ತೆಗೆದು ಬಕೆಟ್ಟಿನ ಮೇಲೆ ಬಗ್ಗಿಸಿದಾಗ ಕರಿ ಎಣ್ಣೆ ಗುಟುಕು ಗುಟುಕಾಗಿ ಕಕ್ಕಿಕೊಂಡಿತು, ಹಳಸಿದ ಮೀನಿನ ವಾಸನೆ. ಸೀಲಿನ ಸುತ್ತ ಬಿಸಿನೀರು ಸುರಿದು ಸ್ಕ್ರೂಡ್ರೈವರಿನಿಂದ ಮೀಟಿದ; ಜಾರಿ ಬೆರಳ ಗೆಣ್ಣಿನ ಚರ್ಮ ಹೋಯಿತು. ಕಿಟಕಿಯೊಳಗಿನ ಕುರ್ಚಿಯಿಂದ ಮಾವ, ನೀರು ಸಾಲದು, ಇನ್ನೊಂದು ಚೆಂಬು ಹಾಕಿ ಅಂದರು. ಅವನು ಆಗಲೇ ಹಾಕಲು ಎತ್ತಿದ್ದ ಚೆಂಬನ್ನು ಕೆಳಗಿಟ್ಟು, ಬೆರಳಿನ ರಕ್ತ ಒರೆಸಿಕೊಂಡು, ಆಮೇಲೆ ತಾನಾಗೇ ಹಾಕುವವನಂತೆ ಹಾಕಿದ. ಸೀಲು ಬಂತು, ಒಳಗಿನ ಪೈಪು ಹೊರಗಿನ ಕೊಳವೆಯಿಂದ ಸರ್ರನೆ ಜಾರಿ ಬಂತು. ಎಡಗಡೆಯದು ಬರಲಿಲ್ಲ. ಅರ್ಧ ಬಂದು ನಿಂತಿತು. ತಿರುಗಿಸಿದರೆ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. ಅಂಗಾಲು ಕೊಟ್ಟು ಎಳೆದಾಗ ಹಲ್ಲು ಕಿತ್ತ ಹಾಗೆ ಬಂತು, ಅವನು ಬೆಡ್‌ಶೀಟಿನ ಮೇಲೆ ಅಂಗಾತ ಬಿದ್ದ. ಯಾರೂ ನೋಡಲಿಲ್ಲ, ಆದರೂ ಎದ್ದು ಪ್ಯಾಂಟು ಕೊಡವಿಕೊಂಡ.

ಆ ಹೊತ್ತಿಗೇ ಗೊತ್ತಾಗಬೇಕಿತ್ತು. ದಿನಾ ಅದನ್ನೇ ನೋಡುವವನು. ಆದರೆ ಮಾವನ ಗಾಡಿಯ ಮೇಲೆ ಅನುಮಾನ ಪಡುವುದು ಮಾವನ ಮೇಲೇ ಪಟ್ಟ ಹಾಗೆ ಅನಿಸಿ, ಸೀಮೆಎಣ್ಣೆಯಲ್ಲಿ ಎಲ್ಲ ತೊಳೆದು, ಹೊರ ಕೊಳವೆಯ ಬಣ್ಣ ಕೆರೆಯಲು ಕೂತ. ಎಮರಿ ಕಾಗದ ನೀರಿನಲ್ಲಿ ಅದ್ದಿ ಉಜ್ಜಿದಂತೆ ಮೇಲಿನ ಕಪ್ಪು ಹೋಗಿ ಕೆಳಗೆ ಹಸಿರು ಬಂತು. ಹಸಿರಿನ ಕೆಳಗೆ ಲೋಹ ಬರಬೇಕಿತ್ತು. ಬೂದು ಬಣ್ಣದ ಪುಟ್ಟಿ ಬಂತು, ಗೋಡೆಯ ಬಿರುಕಿಗೆ ಮೆತ್ತುವಂಥ ದಪ್ಪ ಪುಟ್ಟಿ. ಅದನ್ನು ಕೆರೆದಾಗ ಚಕ್ರ ಕೂರುವ ಜಾಗದಿಂದ ಸ್ವಲ್ಪ ಮೇಲೆ, ಹುಳು ಹರಿದ ಹಾಗೆ ಒಂದು ವೆಲ್ಡಿಂಗ್ ಗೆರೆ. ಸರ್ವೇಯರ್ ಒಳಗೆ ಹೋದ. ಊಟದ ಮೇಜಿನ ಗಾಜಿನ ಮೇಲೆ ಎಡಗಡೆಯ ಪೈಪನ್ನಿಟ್ಟು ಬೆರಳಿನಿಂದ ಮೆಲ್ಲಗೆ ಉರುಳಿಸಿದ. ನೇರ ಪೈಪು ಒಂದೇ ಸಮ ಗುಂಯ್‌ಗುಡುತ್ತ ಹೋಗುತ್ತದೆ. ಇದು ಕುಂಟಿತು. ಟಕ್, ಟಕ್ ಎಂದು ಗಾಜನ್ನು ತಟ್ಟುತ್ತ ಕುಂಟುತ್ತ ಹೋಗಿ ಉಪ್ಪಿನ ಡಬ್ಬಿಗೆ ತಾಗಿ ನಿಂತಿತು. ಅವನ ತಲೆಯಲ್ಲಿ ವರದಿ ತಾನಾಗೇ ಬರೆದುಕೊಳ್ಳತೊಡಗಿತು: ಮುಂಭಾಗದಿಂದ, ಎಡಕ್ಕೆ ವಾಲಿ, ಅಲುಗಾಡದ ವಸ್ತುವಿಗೆ ಡಿಕ್ಕಿ, ಬಾಗಿದ ಪೈಪನ್ನು ಬಿಸಿ ಮಾಡದೆ ಬಡಿದು ನೇರ ಮಾಡಲಾಗಿದೆ, ಒಡೆದ ಕೊಳವೆಗೆ ಬೆಸುಗೆ, ಮರೆಮಾಚಲು ಪುಟ್ಟಿ. ಒಂದು ಸಲವೂ ಬಿದ್ದವನಲ್ಲ ನಾನು. ಅವನ ಎದೆಯಲ್ಲಿ ಏನೋ ಬೆಚ್ಚಗೆ ಹರಡಿತು. ನಾಚಿಕೆಯಾಗಬೇಕಾದಷ್ಟು ಖುಷಿ ಅದು. ಮದುವೆಯಾದ ಹೊಸತರಲ್ಲಿ ಮಾವನ ಮನೆಯ ಊಟದಲ್ಲಿ ಎಲ್ಲರೆದುರು, ನಮ್ಮ ಅಳಿಯಂದಿರು ಬಿದ್ದ ಗಾಡಿ ಎಣಿಸ್ತಾರೆ, ನಾನು ಓಡೋ ಗಾಡಿ ಓಡಿಸ್ತೀನಿ ಎಂದು ಮಾವ ಅಂದದ್ದು, ಎಲ್ಲರೂ ನಕ್ಕದ್ದು, ತಾನೂ ಬಾಯಲ್ಲಿ ತುತ್ತಿಟ್ಟುಕೊಂಡು ನಕ್ಕದ್ದು ಇವತ್ತಿನ ಹಾಗೆ ನೆನಪಾಯಿತು. ಈಗಲೇ ಹೇಳುವುದೋ, ಮಧ್ಯಾಹ್ನ ಹೆಂಡತಿ ಬಂದ ಮೇಲೆ ಹೇಳುವುದೋ. ಮಧ್ಯಾಹ್ನವೇ ಸರಿ. ಅದೂ ಏನೂ ಗೊತ್ತಿಲ್ಲದವನ ಹಾಗೆ, ಕೇಳುವ ಧಾಟಿಯಲ್ಲಿ.

“ಏನದು ಉರುಳಿಸ್ತಾ ಇರೋದು?” ಮಾವನ ಧ್ವನಿ.

ಪೈಪು ಅಂದ. ಇಲ್ಲಿ ತನ್ನಿ ಅಂದರು. ತಂದು ಕೊಟ್ಟ. ಮಾವ ಅದನ್ನು ತೊಡೆಯ ಮೇಲೆ ಮಲಗಿಸಿ ಎರಡೂ ಕೈ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಸಿದರು. ಎಡಗಡೆದೋ ಬಲಗಡೆದೋ ಎಂದು ಕೇಳಿದರು, ಎಡಗಡೆದು ಅಂದ. ಕೈ ನಡುವೆ ಒಂದು ಕಡೆ ನಿಂತಿತು, ಮತ್ತೆ ಮುಂದೆ ಹೋಯಿತು. 

“ನೇರ ಇದೆಯಲ್ಲ,” ಅಂದರು ಮಾವ.

“ಸ್ವಲ್ಪ ಅನುಮಾನ ಮಾವ.”

“ಅವತ್ತು ಗಾಡಿ ಓಡಿಸಿ ನೋಡ್ತೀನಿ ಅಂತ ಹೋದ್ರಲ್ಲ. ಹೋಗೋವಾಗ ಇಂಜಿನ್ ಸದ್ದು ಬರಲಿಲ್ಲ. ಬರೋವಾಗಲೂ ಬರಲಿಲ್ಲ. ನನಗೆ ಹೋಗಿರೋದು ಕಣ್ಣು, ಅಳಿಯಂದ್ರೆ.”

ಇಷ್ಟನ್ನು ಅವರು ಗದರದೆ, ಚುಚ್ಚದೆ, ಹವೆಯ ಬಗ್ಗೆ ಹೇಳುವ ಹಾಗೆ ಹೇಳಿದರು. ಸರ್ವೇಯರ್ ಪೈಪನ್ನು ಮಾವನ ತೊಡೆಯಿಂದ ಎತ್ತಿಕೊಂಡ. ಗಿರಣಿಯ ನೆರಳಿನಲ್ಲಿ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ತನ್ನನ್ನು ಈ ಕುರುಡರು ಇಷ್ಟು ದಿನವೂ ನೋಡುತ್ತಲೇ ಇದ್ದರು. ಮತ್ತೆ ಯಾಕೆ ಸುಮ್ಮನಿದ್ದರು? ಬಿಚ್ಚಲು ಯಾಕೆ ಬಿಟ್ಟರು?

“ಪುಟ್ಟಿ ಹಚ್ಚಿಬಿಡಿ,” ಅಂದರು ಮಾವ. ಅವನು ತಬ್ಬಿಬ್ಬಾದ. ಮಗಳನ್ನು ಅವರು ಕರೆಯುವುದೇ ಪುಟ್ಟಿ ಅಂತ. “ಆ ವೆಲ್ಡಿಂಗ್ ಮೇಲೆ. ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹೊಡೆದರೆ ಮುಗೀತು. ಪುಟ್ಟಿಗೆ ಹೇಳೋದು ಬೇಡ.” ಎರಡನೆಯ ಪುಟ್ಟಿ ಹೆಂಡತಿ ಎಂದು ಅರ್ಥವಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಅವಳಿಗೆ ಯಾಕೆ ಹೇಳಬಾರದು ಎಂದು ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು. ಅಷ್ಟರಲ್ಲಿ ಅವನು ಕಲ್ಲಿನ ಪಕ್ಕ ಕೂತು ಪುಟ್ಟಿ ಕಲಸುತ್ತಿದ್ದ.

ಅವಳ ಎಡ ಮೊಣಕೈ ಪೂರ್ತಿ ನೀಳುವುದಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು ಅವಳು. ಮುರಿದ ಕೈಗಳನ್ನು ನೆಟ್ಟಗೆ ಮಲಗಿಸಲು ತನ್ನ ಸೊಟ್ಟ ಕೈಯಿಂದ ಹಿಡಿದುಕೊಳ್ಳುತ್ತಾಳೆ. ಸಣ್ಣವಳಿದ್ದಾಗ ಬೇಡ ಬೇಡ ಅಂದರೂ ಕೇಳದೆ ಮೆಟ್ಟಿಲಿಂದ ಹಾರಿ ಮುರಿದುಕೊಂಡದ್ದು ಎಂಬುದು ಮನೆತನದ ಕಥೆ. ನೆಂಟರ ಮನೆಯಲ್ಲಿ ಯಾವ ಮಗು ತಂಟೆ ಮಾಡಿದರೂ ಅವಳ ಕೈ ಎತ್ತಿ ತೋರಿಸುತ್ತಿದ್ದರು: ನೋಡು, ಮಾತು ಕೇಳದಿದ್ದರೆ ಹೀಗೇ ಆಗೋದು. ಅವಳೂ ನಗುತ್ತ ಕೈ ಕೊಡುತ್ತಿದ್ದಳು. ಈಗಲೂ ಯಾವ ಮೆಟ್ಟಿಲಾದರೂ ಗೋಡೆ ಹಿಡಿದೇ ಇಳಿಯುತ್ತಾಳೆ. ನಾನು ಹುಟ್ಟಾ ಎಚ್ಚರಗೇಡಿ ಎಂದು ಹಾಲು ಉಕ್ಕಿದರೂ ಅನ್ನುತ್ತಾಳೆ. ಪುಟ್ಟಿ ಬೇಗ ಗಟ್ಟಿಯಾಗುತ್ತದೆ, ಯೋಚಿಸುತ್ತ ಕೂತರೆ ಕೈಯಲ್ಲೇ ಕಲ್ಲಾಗುತ್ತದೆ. ಅವನು ಬೆಸುಗೆಯ ಮೇಲೆ ಮೆತ್ತಿದ, ತಗಡಿನ ತುಂಡಿನಿಂದ ಸವರಿದ. ಚೆನ್ನಾಗಿ ಕೂತಿತು. ಚೆನ್ನಾಗಿ ಕೂತಿತು ಎಂದು ಮನಸ್ಸಿನಲ್ಲೇ ಅಂದುಕೊಂಡದ್ದಕ್ಕೆ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು, ಆದರೆ ಕೈ ನಿಲ್ಲಲಿಲ್ಲ. ಒಣಗಿದ ಮೇಲೆ ಉಜ್ಜಿ ಪ್ರೈಮರ್ ಹೊಡೆದ. ಮಾವ ಕಾಫಿ ಕುಡಿಯೋಣವೇ ಅಂದರು. ಇಷ್ಟು ವರ್ಷದಲ್ಲಿ ಇಬ್ಬರೂ ಎದುರುಬದುರು ಕೂತು, ಯಾರಿಗೂ ಯಾರನ್ನೂ ಗೆಲ್ಲಬೇಕೆನಿಸದೆ ಕಾಫಿ ಕುಡಿದದ್ದು ಅದೇ ಮೊದಲು. ಮಾವ ಅಳಿಯನ ಸಂಬಂಧ ಕೊನೆಗೂ ಕುದುರಿತಲ್ಲ ಎಂದು ಸರ್ವೇಯರ್‌ಗೆ ಅನಿಸಿತು.

ಅವಳು ಡ್ಯೂಟಿ ಮುಗಿಸಿ ಬಂದಾಗ ಕಂಕುಳಲ್ಲಿ ಹೊಸ ಹೆಲ್ಮೆಟ್ಟಿತ್ತು. ಊಟಕ್ಕೆ ಕೂತ ಮೇಲೆ ವಿಷಯ ಬಂತು. ಆಸ್ಪತ್ರೆಯ ಹಿಂದಿನ ಮೈದಾನದಲ್ಲಿ ಆಂಬುಲೆನ್ಸ್ ಡ್ರೈವರನ ಬೈಕಿನಲ್ಲಿ ಮಳೆಗಾಲದಿಂದ ಕಲಿಯುತ್ತಿದ್ದಾಳಂತೆ. ಶುಕ್ರವಾರ ಪರೀಕ್ಷೆಯೂ ಆಯಿತಂತೆ, ಪಾಸಂತೆ. ಫೋರ್ಕು ಮುಗಿದರೆ ಗಾಡಿ ಜೋಡಿಸಿಬಿಡಿ, ಅಪ್ಪನನ್ನ ನಾನೇ ಒಂದು ಸುತ್ತು ಕರ್ಕೊಂಡು ಹೋಗ್ತೀನಿ, ನೀವು ಹೇಗೂ ಬಸ್ಸಿನವರು ಎಂದು ನಕ್ಕಳು. ಬಸ್ಸಿನವರು ಎಂಬ ಮಾತನ್ನು ಸರ್ವೇಯರ್ ತಿರುಗಿಸಿ ಮುರುಗಿಸಿ ನೋಡಿದ. ಆದರೆ ಅದಕ್ಕೆ ಈಗ ಸಮಯವಿರಲಿಲ್ಲ. ಬಾಗಿದ ಪೈಪು ಬಡಿದು ನೇರ ಮಾಡಿದರೆ ನೇರವಾದ ಹಾಗೆ ಕಾಣುತ್ತದೆ, ಅಷ್ಟೆ. ಒಂದು ಗುಂಡಿ ಸಾಕು. ಅಂಥ ಗಾಡಿಗಳನ್ನೂ ಅವುಗಳ ಸವಾರರ ಚಪ್ಪಲಿಗಳನ್ನೂ ಅವನು ನೋಡಿದ್ದ. ಮಾವನತ್ತ ನೋಡಿದ. ಹೇಳಬೇಕಾದವರು ಅವರು. ಮಾವ ತಟ್ಟೆಯ ಅಂಚನ್ನು ಬೆರಳಿಂದ ಹುಡುಕುತ್ತಿದ್ದರು.

“ಓಡಿಸಲಿ ಬಿಡಿ,” ಅಂದರು ಮಾವ. “ಬಣ್ಣ ಚೆನ್ನಾಗಿ ಒಣಗಲಿ.”

ಸರ್ವೇಯರ್ ತುತ್ತು ಕೆಳಗಿಟ್ಟ. ಒಂದು ಸಲವೂ ಬಿದ್ದವನಲ್ಲ ಎಂಬ ಮಾತನ್ನು ಉಳಿಸಿಕೊಳ್ಳಲು ಈ ಮನುಷ್ಯ ಮಗಳನ್ನು ಅದೇ ಫೋರ್ಕಿನ ಮೇಲೆ ಮತ್ತೊಮ್ಮೆ ಕೂರಿಸುತ್ತಾರೆಯೇ, ಅದೂ ತಾವೂ ಹಿಂದೆ ಕೂತು? ಆಮೇಲೆ ಗಮನಕ್ಕೆ ಬಂತು, ತಾನೂ ಸುಮ್ಮನೇ ಕೂತಿದ್ದೇನೆ. ಮಾವ ಮೊದಲು ಹೇಳಲಿ ಎಂದು ಕಾಯುತ್ತಿದ್ದೇನೆ, ಅವರು ಹೇಳಿದರೆ ತನ್ನ ಮಾನ ಉಳಿಯುತ್ತದೆಯೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದೇನೆ. ನೀರು ಕುಡಿದ. ಗಂಟಲಿನಿಂದ ಹೊರಟದ್ದು ಮನೆಯ ಭಾಷೆಯಲ್ಲ.

“ಸದರಿ ವಾಹನದ ಮುಂಭಾಗದ ಎಡ ಫೋರ್ಕಿನಲ್ಲಿ, ಹಿಂದೊಮ್ಮೆ ತೀವ್ರ ಆಘಾತವಾಗಿರುವ ಲಕ್ಷಣಗಳು ಕಂಡುಬಂದಿವೆ.”

“ಹಾಗಂದ್ರೆ?”

“ಗಾಡಿ ಯಾವುದಕ್ಕೋ ಗುದ್ದಿದೆ. ಪೈಪು ಬಾಗಿತ್ತು, ಬಡಿದು ನೆಟ್ಟಗೆ ಮಾಡಿದ್ದಾರೆ. ನೀನು ಅದರ ಮೇಲೆ ಹತ್ತಬಾರದು.”

ಅವಳು ಏನೋ ತಮಾಷೆ ಮಾಡಲು ಅಪ್ಪನ ಕಡೆ ತಿರುಗಿದಳು. ಮಾವನ ಕೈ ಮೇಜಿನ ಮೇಲಿಂದ ಹೊರಟು, ತಡಕಾಡದೆ, ನೀರಿನ ಲೋಟಕ್ಕೂ ತಾಗದೆ, ನೇರವಾಗಿ ಹೋಗಿ ಅವಳ ಎಡ ಮೊಣಕೈಯನ್ನು ಹಿಡಿದುಕೊಂಡಿತು. ಅವಳು ಆ ಕೈಯನ್ನು ನೋಡಿದಳು. ಎಕ್ಸ್-ರೇ ಫಲಕವನ್ನು ಬೆಳಕಿಗೆ ಹಿಡಿದಾಗ ಅವಳ ಮುಖ ಹಾಗಾಗುತ್ತದೆ, ಏನೂ ಇಲ್ಲದ ಹಾಗೆ.

“ಅಪ್ಪ, ನಾನು ಎಲ್ಲಿ ಕೂತಿದ್ದೆ?”

“ಮುಂದೆ,” ಅಂದರು ಮಾವ. “ಟ್ಯಾಂಕಿನ ಮೇಲೆ.”

ಮಿಕ್ಕದ್ದು ತುಂಡು ತುಂಡಾಗಿ ಬಂತು. ಸಂಜೆ ಹೊತ್ತು, ಜೋತುಬಿದ್ದ ತಂತಿಯೊಂದನ್ನು ನೋಡಲು ತಲೆಯೆತ್ತಿದರಂತೆ, ಮೋರಿಯ ಕಟ್ಟೆ ಎದುರಿಗೇ ಬಂತಂತೆ. ಅವರಿಗೆ ಒಂದು ತರಚುಗಾಯವೂ ಇಲ್ಲ. ಮಗುವನ್ನು ಮುಂದೆ ಕೂರಿಸಬೇಡಿ ಎಂದು ದಿನಾ ಅನ್ನುತ್ತಿದ್ದ ಅಜ್ಜಿಗೆ ಮುಖ ತೋರಿಸುವುದು ಹೇಗೆ ಎಂದು ಆಸ್ಪತ್ರೆಯಲ್ಲೇ ಅವಳ ಅಮ್ಮ ಮೆಟ್ಟಿಲಿನ ಕಥೆ ಕಟ್ಟಿದಳಂತೆ. ಒಂದು ವಾರಕ್ಕೆಂದು ಕಟ್ಟಿದ ಕಥೆ. ಆಮೇಲೆ ನೆಂಟರು ಅದಕ್ಕೆ ಬೇಡ ಬೇಡ ಅಂದದ್ದನ್ನು ಸೇರಿಸಿದರು, ಮಗುವೂ ಹೌದು ಹಾರಿದೆ ಎಂದು ಹೇಳಲು ಕಲಿಯಿತು. ಅದು ಹಾಗೆ ಹೇಳಿದ ಮೇಲೆ ನನಗೂ ಬಾಯಿ ಬರಲಿಲ್ಲ ಅಂದರು ಮಾವ.

“ನನಗೆ ಹಾರಿದ್ದು ನೆನಪಿದೆ ಅಪ್ಪ,” ಅಂದಳು ಅವಳು. “ಹಾರೋವಾಗ ನೀವೆಲ್ಲ ಬೇಡ ಅಂತ ಕೂಗಿದ್ದೂ ನೆನಪಿದೆ.”

ಅವಳು ಅಳಲಿಲ್ಲ. ತಂದೆಯ ಕೈಯನ್ನು ಬಿಡಿಸಿ ಅವರ ತಟ್ಟೆಯ ಪಕ್ಕದಲ್ಲಿಟ್ಟಳು, ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಮಾವ ಅದನ್ನು ಪೂರ್ತಿ ಉಂಡರು. ಬೇಡ ಅನ್ನುವ ಹಕ್ಕು ಅವರಿಗೆ ಆ ಹೊತ್ತಿನಲ್ಲಿ ಇದ್ದ ಹಾಗೆ ಕಾಣಲಿಲ್ಲ. ಆಮೇಲೆ ಅವಳು ಹಿಂಬಾಗಿಲಿಗೆ ಹೋದಳು. ಸರ್ವೇಯರ್ ಹಿಂದೆಯೇ ಹೋದ. ಪ್ರೈಮರ್ ಹೊಡೆದ ಕೊಳವೆ ಬಿಸಿಲಿಗೆ ಒರಗಿತ್ತು, ಹೊಸ ಸ್ಲೇಟಿನ ಹಾಗೆ ನುಣ್ಣಗೆ, ಎಲ್ಲಿ ಒಡೆದಿತ್ತೆಂದು ಅವನಿಗೂ ಹೇಳಲಾಗುತ್ತಿರಲಿಲ್ಲ. ಸತ್ಯ ಹೇಳಿದವನು ತಾನು ಎಂಬ ಒಂದು ಸಣ್ಣ ಗರ್ವ ಅವನಲ್ಲಿ ಇನ್ನೂ ಉಳಿದಿತ್ತು. ಅವಳು ಅದಕ್ಕೆ ಏನಾದರೂ ಅಂದಾಳು ಎಂದು ಕಾಯುತ್ತಿದ್ದ.

“ನಿಮಗೆ ಯಾವಾಗ ಗೊತ್ತಾಯ್ತು?”

“ಬೆಳಿಗ್ಗೆ.”

“ಬೆಳಿಗ್ಗೆ ಗೊತ್ತಾದ ಮೇಲೆ ಪುಟ್ಟಿ ಹಚ್ಚಿದ್ರಾ, ಹಚ್ಚಿದ ಮೇಲೆ ಗೊತ್ತಾಯ್ತಾ?”

ಅವನಿಗೆ ಹೊಳೆದದ್ದು ಬೇರೆ: ಈ ಗಳಿಗೆಯಲ್ಲಿ ತನ್ನ ಬಳಿ ಇರುವುದರಲ್ಲೆಲ್ಲ ದೊಡ್ಡದನ್ನು ತೆಗೆದು ಅವಳ ಮುಂದಿಡಬೇಕು. ತನಗೆ ಮೋಟಾರ್ ಸೈಕಲ್ ಓಡಿಸಲು ಬರುವುದಿಲ್ಲ, ಎಂದೂ ಬರುತ್ತಿರಲಿಲ್ಲ, ಅವತ್ತು ಗಾಡಿಯನ್ನು ತಳ್ಳಿಕೊಂಡು ಹೋಗಿದ್ದೆ, ಇಷ್ಟು ಕಾಲ ಬಿಚ್ಚುತ್ತ ಕೂತದ್ದೂ ಅದಕ್ಕೇ ಎಂದು ಒಂದೇ ಉಸಿರಿಗೆ ಹೇಳಿದ. 

“ಅದು ಗೊತ್ತಿರೋದೇ,” ಅಂದಳು ಅವಳು. “ಅದನ್ನ ಈಗ ಯಾರು ಕೇಳಿದ್ರು? ನಾನು ಕೇಳಿದ್ದು ಪುಟ್ಟಿ ವಿಷಯ.”

ಸಂಜೆಯ ತನಕ ಕೂತು ಅವನು ಅದನ್ನೆಲ್ಲ ಮತ್ತೆ ಕೆರೆದ. ಪುಟ್ಟಿ ಹಚ್ಚುವಾಗಿನದಕ್ಕಿಂತ ತೆಗೆಯುವಾಗ ಕೆಲಸ ಹೆಚ್ಚು.  ತಂದೆ ಮಗಳು ಹಲವು ದಿನ ಅಗತ್ಯಕ್ಕೆ ಎಷ್ಟೋ ಅಷ್ಟೇ ಮಾತಾಡಿದರು. ಒಂದು ಬೆಳಿಗ್ಗೆ ಅವಳು ಅಪ್ಪನ ಉಗುರು ಕತ್ತರಿಸುತ್ತ, ಆ ತಂತಿ ಯಾವ ಊರಿನದು ಎಂದು ಕೇಳಿದಳು. ಅವರು ಹೇಳಿದರು, ಅವಳು ಇನ್ನೊಂದು ಕೇಳಿದಳು. ಸರ್ವೇಯರ್ ಎರಡು ನೇರ ಪೈಪುಗಳನ್ನೂ ಒಡೆಯದ ಒಂದು ಕೊಳವೆಯನ್ನೂ ಹಳೇ ಸಾಮಾನಿನ ವ್ಯಾಪಾರಿಯ ಬಳಿ ಹುಡುಕಿ ತಂದ. ಸಿಗದೇ ಹೋಗಲಿ ಎಂಬ ಅವನ ಹಳೇ ಆಸೆ ನೆರವೇರಲಿಲ್ಲ. ಉಜ್ಜಿದ, ಹೊಳಪು ಕೊಟ್ಟ, ಸೀಲು ಕೂರಿಸಿದ, ಎಣ್ಣೆ ತುಂಬಿದ. ಗಾಡಿ ನಿಂತಿತು. ಅವಳು ಕಿಕ್ಕರ್ ಒದ್ದಳು, ಅದು ಶುರುವಾಯಿತು, ಮಾವ ಮಗಳ ಭುಜ ಹಿಡಿದು ಹಿಂದೆ ಹತ್ತಿದರು. ಬೀದಿಯ ತುದಿಯವರೆಗೆ ಅವರ ಬಿಳಿ ಕೂದಲು ಹಾರುವುದು ಕಾಣುತ್ತಿತ್ತು. ಹಿಂತಿರುಗಿ ಬಂದು ಇಳಿದಾಗ ಮುಖವೆಲ್ಲ ಒದ್ದೆಯಾಗಿತ್ತು. ಗಾಳಿ ಅಂದರು.

ಆಮೇಲೆ ಅವಳು ಗಂಡನನ್ನು ಕರೆದಳು. ಅವನು ಕೂತ. ಕೈ ಎಲ್ಲಿಡುವುದೆಂದು ತಿಳಿಯದೆ ತನ್ನ ಮೊಣಕಾಲುಗಳನ್ನೇ ಹಿಡಿದುಕೊಂಡ. ತಿರುವು ದಾಟುವುದರೊಳಗೆ ಅವನ ಬಾಯಿ ಶುರುವಾಯಿತು: ಎಡಕ್ಕೆ ಮರಳು ಇದೆ ನೋಡು, ಆ ಆಟೋ ನಂಬಬೇಡ, ಮುಂದಿನ ಬ್ರೇಕು ಒಂದೇ ಸಲ ಹಿಡಿಯಬಾರದು. ಅವಳು ಗಾಡಿಯನ್ನು ನಿಧಾನವಾಗಿ ರಸ್ತೆಯ ಅಂಚಿಗೆ ತಂದು, ಕಾಲೂರಿ ನಿಲ್ಲಿಸಿದಳು.

“ಇಳೀರಿ,” ಅಂದಳು. ಸಿಟ್ಟೇನೂ ಇರಲಿಲ್ಲ.

ಇಳಿದ. ಅವಳು ಹೋದಳು. ಒಬ್ಬಳೇ ಆದ ಕೂಡಲೇ ಗಾಡಿಯ ಸದ್ದೇ ಬೇರೆಯಾಯಿತು. ಅವನು ನಡೆದು ವಾಪಸು ಬರುವಾಗ ಹೆಡ್‌ಮಾಸ್ತರು ಗೇಟಿನಲ್ಲಿ ನಿಂತಿದ್ದರು, ಜೊತೆಗೆ ಯಾರೋ ನೆಂಟರು. ಎಂಥ ಕೈಕೆಲಸ, ಫೋರ್ಕಂತೂ ಕನ್ನಡಿ ಎಂದು ಹೊಗಳಿ, ಅಷ್ಟು ಕಷ್ಟಪಟ್ಟು ಮಾಡಿ ನೀವೇ ಯಾಕೆ ಓಡಿಸುತ್ತಿಲ್ಲ ಎಂದು ಕೇಳಿದರು.

“ನನಗೆ ಓಡಿಸೋಕೆ ಬರಲ್ಲ,” ಅಂದ ಸರ್ವೇಯರ್. “ಹಿಂದೆ ಕೂರೋಕೂ ಬರಲ್ಲ. ಹೆಂಡತಿ ಅಲ್ಲೇ ಇಳಿಸಿ ಹೋದಳು.”

ಹೆಡ್‌ಮಾಸ್ತರು ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನೆಂಟರ ಕಡೆ ತಿರುಗಿ, ನಾನು ಹೇಳಲಿಲ್ಲವೇ, ನಿಜವಾಗಿ ತಿಳಿದವರು ಹೀಗೇ ಇರುತ್ತಾರೆ ಅಂದರು. ನೆಂಟರು ಭಕ್ತಿಯಿಂದ ಕೈ ಕುಲುಕಿದರು. ಸರ್ವೇಯರ್ ಇಲ್ಲ, ನಿಜವಾಗಲೂ ಎಂದು ಇನ್ನೊಂದು ಸಲ ಹೇಳಿದ. ಅವರು ಇನ್ನೂ ಜೋರಾಗಿ ನಕ್ಕರು.